ನಿಮ್ಮೂರಿನ ವಿಮೋಚನೆಯ ಇತಿಹಾಸ ಬರೆಯುವುದು ಹೇಗೆ: ಹಳೆಯ ನಿಜಾಮ ಸೀಮೆಯ ಊರುಗಳಿಗೆ ಒಂದು ಕೈಪಿಡಿ

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಊರುಗಳಲ್ಲಿ ಜಾತ್ರೆಗೋ ಶಾಲೆಯ ಅಮೃತ ಮಹೋತ್ಸವಕ್ಕೋ ಸ್ಮರಣ ಸಂಚಿಕೆ ತಂದರೆ ವಿಮೋಚನೆಯ ಬಗ್ಗೆ ಒಂದು ಪ್ಯಾರಾ ಇದ್ದೇ ಇರುತ್ತದೆ. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ನುಗ್ಗಿತು, 17ಕ್ಕೆ ಹೈದರಾಬಾದಿನ ನಿಜಾಮ ಶರಣಾದ, ನಾಡು ಸ್ವತಂತ್ರವಾಯಿತು. ಹೆಚ್ಚುಕಡಿಮೆ ಎಲ್ಲ ಊರಿನ ಸಂಚಿಕೆಯಲ್ಲೂ ಅದೇ ಪ್ಯಾರಾ. ಆದರೆ ನಿಮ್ಮೂರಲ್ಲಿ ನಿಜಾಮನ ಅಮೀನ ಯಾವ ದಿನ ಚಾವಡಿ ಬಿಟ್ಟು ಹೋದ, ಯಾರ ಮನೆ ಸುಟ್ಟಿತು, ಯಾರು ಗಡಿ ದಾಟಿ ಶಿಬಿರ ಸೇರಿದರು, ಆಮೇಲೆ ಊರಿನ ಮಸೀದಿ ಓಣಿಯಲ್ಲಿ ಏನಾಯಿತು, 1956ರಲ್ಲಿ ನಿಮ್ಮ ತಾಲೂಕು ಕರ್ನಾಟಕಕ್ಕೆ ಹೇಗೆ ಬಂತು? ಇವುಗಳಿಗೆ ಉತ್ತರ ಹುಡುಕಿದರೆ ಮಾತ್ರ ಅದು ಊರಿನ ಇತಿಹಾಸವಾಗುತ್ತದೆ. ಹುಡುಕುವ ಕ್ರಮ ಹೇಗೆ, ಎಲ್ಲಿ ಎಡವುತ್ತಾರೆ ಎನ್ನುವುದನ್ನು ಇಲ್ಲಿ ಹೇಳುತ್ತೇವೆ. ಅವಸರವೂ ಇದೆ. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ.

ಮೊದಲು ದೊಡ್ಡ ಚೌಕಟ್ಟು

ಒಂದು ಉದ್ದನೆಯ ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ಹೈದರಾಬಾದ್ ಸಂಸ್ಥಾನದ ಘಟನೆಗಳು, ಬಲಕ್ಕೆ ನಿಮ್ಮೂರಿನವು. ಎಡಭಾಗ ಈಗಲೇ ತುಂಬಿಸಬಹುದು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವಾಗಲೇ ನಿಷೇಧಕ್ಕೊಳಗಾಯಿತು. ಅದೇ ವರ್ಷ ಸತ್ಯಾಗ್ರಹ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಂದೇ ಮಾತರಂ ಹಾಡಿದ ವಿದ್ಯಾರ್ಥಿಗಳು ಹೊರಬಿದ್ದರು, ಹಲವರು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. ಅದರ ಬೆನ್ನಿಗೇ ಆರ್ಯ ಸಮಾಜದ ಸತ್ಯಾಗ್ರಹ. 1946ರಲ್ಲಿ ಕಾಂಗ್ರೆಸ್ ಮೇಲಿನ ನಿಷೇಧ ತೆರವಾಯಿತು. 1947ರ ಜೂನ್‌ನಲ್ಲಿ ತಾನು ಯಾವ ಒಕ್ಕೂಟಕ್ಕೂ ಸೇರುವುದಿಲ್ಲ ಎಂಬರ್ಥದ ಫರ್ಮಾನನ್ನು ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಹೊರಡಿಸಿದ. ಆಗಸ್ಟ್ 7ಕ್ಕೆ ಕಾಂಗ್ರೆಸ್ಸಿನಿಂದ 'ಭಾರತ ಸೇರಿ' ದಿನ. ಆಗಸ್ಟ್ 15ರಂದು ಸ್ಟೇಟ್ ಕಾಂಗ್ರೆಸ್ಸಿನ ಮುಂದಾಳು ಸ್ವಾಮಿ ರಮಾನಂದ ತೀರ್ಥರ ಬಂಧನ. ಈ ಸ್ವಾಮಿಗಳು ಹುಟ್ಟಿದ್ದು ನಮ್ಮ ಸಿಂದಗಿಯಲ್ಲಿ. ನವೆಂಬರ್ 29ಕ್ಕೆ ಭಾರತದೊಡನೆ ನಿಜಾಮನ ಯಥಾಸ್ಥಿತಿ ಒಪ್ಪಂದ. ಆಮೇಲಿನ ಒಂಬತ್ತು ಹತ್ತು ತಿಂಗಳೇ ಊರವರು ರಜಾಕಾರರ ಹಾವಳಿ ಎಂದು ನೆನೆಯುವ ಕಾಲ. ರಜಾಕಾರರೆಂದರೆ ನಿಜಾಮನ ಆಳ್ವಿಕೆ ಉಳಿಸಲು ಕಟ್ಟಿದ ಸ್ವಯಂಸೇವಕರ ಸಶಸ್ತ್ರ ಪಡೆ. 1948ರ ಸೆಪ್ಟೆಂಬರ್ 13ಕ್ಕೆ ಮೇಜರ್ ಜನರಲ್ ಜೆ.ಎನ್. ಚೌಧುರಿ ನೇತೃತ್ವದ ಸೇನೆ ಸೊಲ್ಲಾಪುರದ ಕಡೆಯಿಂದ ನಳದುರ್ಗದ ಮೇಲೆ ಹೊರಟಿತು. 17ಕ್ಕೆ ನಿಜಾಮನ ಶರಣಾಗತಿ, 18ಕ್ಕೆ ಹೈದರಾಬಾದಿನಲ್ಲಿ ಆತನ ಸೇನಾಪತಿ ಎಲ್ ಎದ್ರೂಸ್ ಅಧಿಕೃತವಾಗಿ ಶಸ್ತ್ರ ಒಪ್ಪಿಸಿದ.

ಬಲಭಾಗ ಖಾಲಿ ಇರಲಿ. ಅದನ್ನು ತುಂಬುವುದೇ ಕೆಲಸ.

ಬಳ್ಳಾರಿ, ವಿಜಯನಗರ ಜಿಲ್ಲೆಯವರಿಗೆ ಒಂದು ಮಾತು. ಇಂದು ಕಲ್ಯಾಣ ಕರ್ನಾಟಕದ ಪಟ್ಟಿಯಲ್ಲಿ ಈ ಜಿಲ್ಲೆಗಳಿವೆ, ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 ಜೆ ಕಲಮಿನ ಸವಲತ್ತೂ ಇದೆ. ಆದರೆ ಬಳ್ಳಾರಿ ನಿಜಾಮನ ಕೈಯಲ್ಲಿರಲಿಲ್ಲ, ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಅಲ್ಲಿ ಸ್ವಾತಂತ್ರ್ಯ 1947ರ ಆಗಸ್ಟ್ 15ಕ್ಕೇ ಬಂತು, ಮೈಸೂರು ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಹೀಗಾಗಿ ತುಂಗಭದ್ರೆಯ ದಕ್ಷಿಣ ದಂಡೆಯ ಊರುಗಳು ಈ ಕಥೆಯಲ್ಲಿ ಬರುವುದು ಆಸರೆ ಕೊಟ್ಟ ಊರುಗಳಾಗಿ. ಸೆಪ್ಟೆಂಬರ್ 17ನ್ನು ಅವುಗಳ ವಿಮೋಚನಾ ದಿನವೆಂದು ಬರೆದರೆ ತಪ್ಪು.

ನಿಮ್ಮೂರು ಯಾರ ಕೈಯಲ್ಲಿತ್ತು

ಸಂಸ್ಥಾನವೆಲ್ಲ ನಿಜಾಮನದೇ ಆದರೂ ಊರೂರಿನ ಒಡೆತನ ಬೇರೆ ಬೇರೆ. ಇದನ್ನು ತಿಳಿಯದೆ ಕಾಗದ ಹುಡುಕಲು ಹೋದರೆ ತಿಂಗಳುಗಟ್ಟಲೆ ತಪ್ಪು ದಫ್ತರ ತಡಕಾಡಬೇಕಾಗುತ್ತದೆ. ಸರ್ಕಾರ ನೇರವಾಗಿ ಕಂದಾಯ ವಸೂಲಿ ಮಾಡುತ್ತಿದ್ದ ಊರುಗಳು ದಿವಾನಿ. ನಿಜಾಮನ ಖಾಸಗಿ ಜಮೀನು ಸರ್ಫೆ ಖಾಸ್. ನಿಜಾಮನಿಗೆ ಹತ್ತಿರದ ದೊಡ್ಡ ಸರದಾರರಾದ ಪಾಯಗಾ ಮನೆತನಗಳ ಇಲಾಖೆಗಳು ಮೂರನೆಯವು. ಆಳಂದ, ಚಿಟಗುಪ್ಪ ಕಡೆ ಇಂಥ ಊರುಗಳಿದ್ದವು. ನಾಲ್ಕನೆಯದು ಜಹಗೀರು. ಕೊಪ್ಪಳ ಸಾಲಾರ್ ಜಂಗ್ ಮನೆತನದ್ದು, ಬಸವಕಲ್ಯಾಣ ಕಲ್ಯಾಣಿ ನವಾಬರದ್ದು. ಇವಲ್ಲದೆ ಗುರುಗುಂಟಾ, ಆನೆಗೊಂದಿಯಂಥ ಸಣ್ಣ ಸಂಸ್ಥಾನಗಳು ಪೇಶ್ಕಶ್, ಅಂದರೆ ಕಪ್ಪ, ಕೊಟ್ಟು ಉಳಿದಿದ್ದವು. ಸುರಪುರ ಮಾತ್ರ 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಬಂಡಾಯ ಮುರಿದ ಮೇಲೆ ನಿಜಾಮನ ಕೈಗೆ ಹೋದದ್ದು.

ಇದು ತಿಳಿಯಲು ಸುಲಭದ ದಾರಿ ಊರಿನ ಹಳೆಯ ಜಮೀನು ಕಾಗದ. ಮಾಲಿ ಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ ಮನೆತನಗಳಲ್ಲಿ ಗಂಟು ಕಟ್ಟಿಟ್ಟ ಸನದು, ಪಾವತಿ ಇರುತ್ತವೆ. ಪಾವತಿಯ ತಲೆಯಲ್ಲಿ ಇಲಾಖೆಯ ಹೆಸರು ಇದ್ದೇ ಇರುತ್ತದೆ. ಜಹಗೀರು ಪದ್ಧತಿ ರದ್ದಾದದ್ದು 1949ರ ಆಗಸ್ಟ್‌ನಲ್ಲಿ. ಅದಕ್ಕಿಂತ ಹಿಂದಿನ ಪಾವತಿ ಒಂದು ಸಿಕ್ಕರೂ ಸಾಕು. ಜಹಗೀರು ಊರಾಗಿದ್ದರೆ ಜನರ ಸಿಟ್ಟಿನ ಗುರಿ ಎರಡು: ದೂರದ ನಿಜಾಮ, ಹತ್ತಿರದ ಜಹಗೀರುದಾರನ ಕಾರಕೂನ. ಬಿಟ್ಟಿ ಚಾಕರಿ, ಲೇವಿ ಧಾನ್ಯ, ಹೆಚ್ಚುವರಿ ಪಟ್ಟಿಗಳ ನೆನಪು ಇಂಥ ಊರುಗಳಲ್ಲಿ ರಜಾಕಾರರ ನೆನಪಿಗಿಂತ ಹಳೆಯದು, ಕೆಲವೆಡೆ ಹೆಚ್ಚು ಆಳವೂ ಹೌದು. ಆ ಭಾಗವನ್ನು ಬಿಟ್ಟು ನೇರ 1947ಕ್ಕೆ ಹಾರಿದರೆ ಹೋರಾಟಕ್ಕೆ ಜನ ಯಾಕೆ ಇಳಿದರು ಎನ್ನುವುದೇ ಕಾಣದೆ ಹೋಗುತ್ತದೆ.

ಗಡಿಯ ಊರಿನವರು ಇನ್ನೊಂದನ್ನೂ ನೋಡಬೇಕು. ಮುಂಬಯಿ, ಮದ್ರಾಸ್ ಪ್ರಾಂತಗಳ ಒಳಗೆ ನಿಜಾಮನ ತುಂಡು ಊರುಗಳು, ನಿಜಾಮ ಸೀಮೆಯೊಳಗೆ ಪ್ರಾಂತಗಳ ತುಂಡು ಊರುಗಳು ಇದ್ದವು. ಇವನ್ನು ಅತ್ತಿತ್ತ ಸೇರಿಸಿದ್ದು 1950ರ ಜನವರಿಯ ಆದೇಶ. ನಿಮ್ಮೂರು ಅಂಥದ್ದಾದರೆ ನಕಾಶೆಯ ಮೇಲಿನ ಇಂದಿನ ಜಿಲ್ಲೆಯನ್ನು ನಂಬಬೇಡಿ.

ಫಸಲಿ ತಾರೀಕು ಬಿಡಿಸುವುದು

ಹೆಚ್ಚಿನವರು ಕೈಚೆಲ್ಲುವುದು ಇಲ್ಲಿ. ನಿಜಾಮ ಸರ್ಕಾರದ ಕಂದಾಯ, ಪೊಲೀಸ್, ಶಾಲೆಯ ಕಾಗದಗಳಲ್ಲಿ ತಾರೀಕು ಫಸಲಿ ಸನದಲ್ಲಿ, ಅಂದರೆ ಬೆಳೆ ಕಂದಾಯಕ್ಕೆಂದು ಬಳಸುತ್ತಿದ್ದ ಕಾಲಗಣನೆಯಲ್ಲಿ, ಇರುತ್ತದೆ. ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಶುರು. ತಿಂಗಳುಗಳು ಈ ಕ್ರಮದಲ್ಲಿ: ಆಜುರ್, ದೈ, ಬಹಮನ್, ಇಸ್ಫಂದಾರ್, ಫರವರ್ದಿ, ಅರ್ದಿಬಿಹಿಶ್ತ್, ಖುರ್ದಾದ್, ತೀರ್, ಅಮರ್ದಾದ್, ಶಹರೇವರ್, ಮೆಹರ್, ಆಬಾನ್. ಆಜುರ್ ಎಂದರೆ ಸುಮಾರು ಅಕ್ಟೋಬರ್, ಆಬಾನ್ ಎಂದರೆ ಸುಮಾರು ಸೆಪ್ಟೆಂಬರ್.

ಲೆಕ್ಕ ಹೀಗೆ. ಮೊದಲ ಮೂರು ತಿಂಗಳಾದರೆ ಫಸಲಿ ವರ್ಷಕ್ಕೆ 590 ಕೂಡಿಸಿ. ಉಳಿದ ಒಂಬತ್ತು ತಿಂಗಳಾದರೆ 591. ಕಾಗದದಲ್ಲಿ '15 ಬಹಮನ್ 1357' ಎಂದಿದ್ದರೆ ಬಹಮನ್ ಮೂರನೆಯ ತಿಂಗಳು, 1357ಕ್ಕೆ 590 ಸೇರಿಸಿದರೆ 1947, ಅಂದರೆ 1947ರ ಡಿಸೆಂಬರ್. ಯಥಾಸ್ಥಿತಿ ಒಪ್ಪಂದ ಆಗಿ ಕೆಲವೇ ವಾರ ಕಳೆದಿದೆ. ಅದೇ 'ತೀರ್ 1357' ಎಂದಿದ್ದರೆ 591 ಸೇರಿಸಿ 1948, ಮೇ ಆಸುಪಾಸು. ಪೊಲೀಸ್ ಕಾರ್ಯಾಚರಣೆ, ಅಂದರೆ 1948ರ ಸೆಪ್ಟೆಂಬರ್‌ನಲ್ಲಿ ಸೇನೆ ನುಗ್ಗಿದ್ದು, 1357ರ ಕೊನೆಯ ತಿಂಗಳು ಆಬಾನ್‌ನಲ್ಲಿ ಬರುತ್ತದೆ. ಎಲ್ಲ ತಿಂಗಳಿಗೂ 590 ಕೂಡಿಸುವ ತಪ್ಪು ತುಂಬಾ ಸಾಮಾನ್ಯ. ಹಾಗೆ ಮಾಡಿ 1948ರ ಮೇ ತಿಂಗಳ ಘಟನೆಯನ್ನು 1947ರ ಮೇಗೆ ತಂದರೆ, ನಿಜಾಮನ ಜೂನ್ ಫರ್ಮಾನಿಗೂ ಮೊದಲೇ ಊರು ಸುಟ್ಟಿತು ಎಂದಾಗಿಬಿಡುತ್ತದೆ. ನಿಖರ ದಿನ ಬೇಕಾದರೆ ಆ ಕಾಲದ ಪಂಚಾಂಗವನ್ನೋ ತಾರೀಕುಗಳ ಅಚ್ಚಾದ ತಖ್ತೆಯನ್ನೋ ನೋಡಲೇಬೇಕು. ಸಿಗದಿದ್ದರೆ ತಿಂಗಳನ್ನಷ್ಟೇ ಬರೆಯಿರಿ, ದಿನ ಊಹಿಸಬೇಡಿ.

ಉರ್ದು ಬರುವವರನ್ನು ಜೊತೆಗೆ ಇಟ್ಟುಕೊಳ್ಳಿ. ಅಚ್ಚಿನ ಉರ್ದು ಓದುವವರೆಲ್ಲ ದಫ್ತರದ ಶಿಕಸ್ತಾ ಎಂಬ ಅವಸರದ ಕೂಡುಬರಹ ಓದಲಾರರು. ಹಳೆಯ ವಕೀಲರ ಕಾರಕೂನರು, ಕಾಗದ ಬರೆದು ರೂಢಿಯಿದ್ದ ಮನೆತನದವರು ಓದುತ್ತಾರೆ. ಉರ್ದು ಸಾಲು ಬಲದಿಂದ ಎಡಕ್ಕೆ ಹೋದರೂ ಅಂಕಿಗಳು ಎಡದಿಂದ ಬಲಕ್ಕೇ ಇರುತ್ತವೆ. ಕೈಬರಹದಲ್ಲಿ 2 ಮತ್ತು 3 ಒಂದೇ ಥರ ಕಾಣುತ್ತವೆ. ಆ ಎರಡು ಅಂಕಿ ಬಂದಲ್ಲೆಲ್ಲ ಅದೇ ಕೈಯ ಬೇರೆ ಹಾಳೆಯೊಂದಿಗೆ ಹೋಲಿಸಿ. ಬೀದರ್ ಜಿಲ್ಲೆಯಲ್ಲಿ ಮರಾಠಿ ಕಾಗದಗಳು ಮೋಡಿ ಲಿಪಿಯಲ್ಲಿರುವುದೂ ಉಂಟು, ಅದಕ್ಕೆ ಬೇರೆಯೇ ಓದುಗ ಬೇಕು.

ದಂಡ, ಲೂಟಿ, ವಸೂಲಿಯ ಮೊತ್ತ ಬಂದರೆ ಅದು ಹಾಲಿ ಸಿಕ್ಕಾನೋ ಕಲ್ದಾರವೋ ಕೇಳಿ. ನಿಜಾಮನ ಹಾಲಿ ಸಿಕ್ಕಾ 7 ರೂಪಾಯಿ ಬ್ರಿಟಿಷ್ ಸರ್ಕಾರದ ಕಲ್ದಾರ 6 ರೂಪಾಯಿಗೆ ಸಮ. ಊರ ಮೇಲೆ 700 ಹಾಲಿ ಸಿಕ್ಕಾ ದಂಡ ಹಾಕಿದ್ದರೆ ಅದು 600 ಕಲ್ದಾರ. ಗಡಿಯಾಚೆ ಆಶ್ರಯ ಪಡೆದವರ ಖರ್ಚು ಕಲ್ದಾರದಲ್ಲಿ, ಊರಲ್ಲಿ ಕಳೆದುಕೊಂಡದ್ದು ಹಾಲಿಯಲ್ಲಿ ಇರುತ್ತದೆ. ಎರಡನ್ನೂ ಹಾಗೇ ಕೂಡಿಸಬೇಡಿ.

ಹಿರಿಯರ ಮುಂದೆ ಕೂತಾಗ

ಮೊದಲ ಭೇಟಿಗೆ ಕ್ಯಾಮೆರಾ ಬೇಡ, ಮೊಬೈಲ್ ಸಾಕು. ಕರೆ ಬಾರದಂತೆ ಏರೋಪ್ಲೇನ್ ಮೋಡ್‌ಗೆ ಹಾಕಿ, ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ ನೋಡಿ. ಫ್ಯಾನ್ ಕೆಳಗೆ ಕೂತರೆ ಮುದುಕರ ದನಿ ಕೇಳಿಸುವುದಿಲ್ಲ. ಪಡಸಾಲೆಯಲ್ಲೋ ಕಟ್ಟೆಯ ಮೇಲೋ ಕೂರಿ. ರೆಕಾರ್ಡಿನ ಮೊದಲಿಗೇ ಅವರ ಒಪ್ಪಿಗೆಯ ಮಾತು, ಹೆಸರು, ವಯಸ್ಸು, ಓಣಿ, ಆ ದಿನದ ತಾರೀಕು ದಾಖಲಾಗಲಿ. ಮುಕ್ಕಾಲು ತಾಸಿಗಿಂತ ಹೆಚ್ಚು ಒಂದೇ ಸಲಕ್ಕೆ ಕೂರಬೇಡಿ. ಎರಡನೆಯ ಭೇಟಿಯಲ್ಲಿ ಮೊದಲಿನದಕ್ಕಿಂತ ಹೆಚ್ಚು ಸಿಗುತ್ತದೆ, ಯಾಕೆಂದರೆ ನಡುವಿನ ದಿನಗಳಲ್ಲಿ ಅವರು ಅದನ್ನೇ ಮೆಲುಕು ಹಾಕಿರುತ್ತಾರೆ.

'ರಜಾಕಾರರು ಬಂದಿದ್ರಾ?' ಎಂದು ಮೊದಲೇ ಕೇಳಿದಿರೋ ಕೆಟ್ಟಿತು. ಭಾಷಣಗಳಲ್ಲಿ ಕೇಳಿದ, ಟಿವಿಯಲ್ಲಿ ನೋಡಿದ ಕಥೆಯೇ ಬಾಯಿಗೆ ಬರುತ್ತದೆ. ಮನೆಯಿಂದ ಶುರುಮಾಡಿ. 'ಅಜ್ಜಾರ, ಆಗ ನಿಮ್ಮ ಮನ್ಯಾಗ ಯಾರ್ಯಾರು ಇದ್ರು? ಎಷ್ಟು ಎತ್ತಿದ್ವು? ಯಾವ ಸಾಲಿಗೆ ಹೋಗ್ತಿದ್ರಿ?' ಆಮೇಲೆ, 'ಊರು ಬಿಟ್ಟು ಹೋಗಿದ್ರೇನ್ರೀ? ಯಾವ ದಾರಿ ಹಿಡಿದು ಹೋದ್ರಿ? ದನ ಯಾರು ನೋಡ್ಕೊಂಡ್ರು? ಹೊಳಿ ಹೆಂಗ ದಾಟಿದ್ರಿ? ತಿರುಗಿ ಬಂದಾಗ ಮನಿ ಹೆಂಗಿತ್ತು?' ದಾರಿ, ದನ, ಹೊಳೆ, ಕಾಳು ಇವುಗಳ ನೆನಪು ಸುಳ್ಳಾಡುವುದು ಕಡಿಮೆ. ಭೀಮಾ, ಕೃಷ್ಣಾ, ತುಂಗಭದ್ರೆ ದಾಟಿದ ಕಡವಿನ ಹೆಸರು ಸಿಕ್ಕರೆ ಗಡಿಯಾಚೆಯ ಊರಿಗೆ ಹೋಗಿ ಅಲ್ಲಿಯೂ ವಿಚಾರಿಸಬಹುದು.

ಅಜ್ಜಿಯರನ್ನು ಕೇಳುವಾಗ ಒಂದು ಪ್ರಶ್ನೆ ತಪ್ಪಬಾರದು: 'ಅಮ್ಮಾ, ಆಗ ನೀವು ತವರಿನ್ಯಾಗ ಇದ್ರೋ, ಇಲ್ಲಿಗಿ ಬಂದಿದ್ರೋ?' 1948ರಲ್ಲಿ ಹುಡುಗಿಯಾಗಿದ್ದು ಆಮೇಲೆ ನಿಮ್ಮೂರಿಗೆ ಸೊಸೆಯಾಗಿ ಬಂದವರ ನೆನಪು ಅವರ ತವರೂರಿನದು. ಇದನ್ನು ಕೇಳದೆ ಬರೆದದ್ದರಿಂದ ಒಂದೂರಿನ ಸುಲಿಗೆ ಇನ್ನೊಂದೂರಿನ ಇತಿಹಾಸ ಸೇರಿದ ಉದಾಹರಣೆಗಳು ಸಾಕಷ್ಟಿವೆ. ತವರಿನ ನೆನಪನ್ನೂ ಬಿಸಾಡಬೇಡಿ, ಆ ಊರಿನ ಹೆಸರಿನಲ್ಲೇ ಬೇರೆ ಹಾಳೆಯಲ್ಲಿ ಬರೆದಿಡಿ.

ತಾರೀಕು ಯಾರಿಗೂ ನೆನಪಿರುವುದಿಲ್ಲ, ಹಬ್ಬ ನೆನಪಿರುತ್ತದೆ. 1948 ಸರ್ವಧಾರಿ ಸಂವತ್ಸರ. ಆ ವರ್ಷ ಗಣೇಶ ಚೌತಿ ಸೆಪ್ಟೆಂಬರ್ 7ರ ಸುತ್ತ, ಭಾದ್ರಪದದ ಹುಣ್ಣಿಮೆ 18ರ ಸುತ್ತ ಬಂತು. ಅಂದರೆ ಸೇನೆ ಬಂದ ಐದು ದಿನಗಳೂ ಜೋಕುಮಾರ ಊರು ತಿರುಗುವ ದಿನಗಳ ಒಳಗೇ ಬೀಳುತ್ತವೆ. 'ಜೋಕುಮಾರನ್ನ ಹೊತ್ತುಕೊಂಡು ಬರೋದರಾಗ ವಿಮಾನ ಹಾರಿದ್ವು' ಎಂದು ಯಾರಾದರೂ ಹೇಳಿದರೆ ಅದನ್ನು ಬಂಗಾರದಂತೆ ಕಾಯ್ದಿಡಿ, ತಾರೀಕು ತಾನೇ ಸಿಕ್ಕಿತು. ಹಾಗೆಯೇ ರಂಜಾನ್ ಆ ವರ್ಷ ಜುಲೈ ಎರಡನೆಯ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ. ಬಕ್ರೀದ್ ಅಕ್ಟೋಬರ್ ನಡುವಿಗೆ. ಗಾಂಧೀಜಿ ಹೋದದ್ದು ಜನವರಿ 30, ಜಿನ್ನಾ ತೀರಿಕೊಂಡದ್ದು ಸೆಪ್ಟೆಂಬರ್ 11. 'ಗಾಂಧಿ ಸತ್ತ ಮ್ಯಾಲೋ ಮೊದಲೋ?' ಎಂಬ ಪ್ರಶ್ನೆಗೆ ಬಹುಮಂದಿ ಖಚಿತವಾಗಿ ಉತ್ತರಿಸುತ್ತಾರೆ. ಜೋಳ ನಿಂತಿತ್ತೋ, ರಾಶಿ ಆಗಿತ್ತೋ, ಹಿಂಗಾರಿ ಬಿತ್ತನೆಗೆ ಹೊಲ ಹಸನಾಗಿತ್ತೋ ಎಂದೂ ಕೇಳಿ.

ಒಂದು ಘಟನೆ ಪುಸ್ತಕಕ್ಕೆ ಸೇರಬೇಕಾದರೆ ಒಂದು ಕಾಗದ ಇಲ್ಲವೇ ಬೇರೆ ಬೇರೆ ಓಣಿಯ ಎರಡು ಬಾಯಿ ಬೇಕು. ಒಂದೇ ಮನೆಯ ಮೂವರು ಹೇಳಿದರೆ ಅದು ಒಂದೇ ಬಾಯಿ. ಪಾಟೀಲರ ಓಣಿ, ಹರಿಜನ ಕೇರಿ, ತಳವಾರ ಓಣಿ, ಮಸೀದಿ ಓಣಿ ನಾಲ್ಕೂ ಕಡೆ ಕೂತರೆ ಚಿತ್ರ ಬದಲಾಗುತ್ತದೆ. ಬಂಡಿ ಕಟ್ಟಿಕೊಂಡು ಊರು ಬಿಡುವ ಅನುಕೂಲ ಎಲ್ಲರಿಗೂ ಇರಲಿಲ್ಲ. ಬಿಟ್ಟು ಹೋದವರ ಮನೆ ಕಾದವರು ಯಾರು, ಹೋಗಲಾಗದೆ ಉಳಿದವರಿಗೆ ಏನಾಯಿತು ಎನ್ನುವುದು ಕೇರಿಯಲ್ಲಿ ಮಾತ್ರ ಗೊತ್ತಿರುತ್ತದೆ.

ಶಿಬಿರಗಳ ಜಾಡು

ನಮ್ಮ ಭಾಗದ ಹೋರಾಟದ ಜೀವಾಳ ಗಡಿ ಶಿಬಿರಗಳು. ನಿಜಾಮ ಸೀಮೆಯ ತರುಣರು ಗಡಿಯಾಚೆ ಮುಂಬಯಿ, ಮದ್ರಾಸ್ ಪ್ರಾಂತಗಳ ಊರುಗಳಲ್ಲಿ ನೆಲೆನಿಂತು, ರಾತ್ರಿ ಒಳನುಗ್ಗಿ ಕರೋಡಗಿರಿ ನಾಕಾ, ಪೊಲೀಸ್ ಠಾಣೆಗಳ ಮೇಲೆ ಬೀಳುತ್ತಿದ್ದರು. ನಾಕಾ ಸುಡುವುದು ಎಂದರೆ ಸುಂಕದ ದಫ್ತರ ಸುಡುವುದು. ಶಿಂದಿಯ ಗಿಡ ಕಡಿದದ್ದೂ ಅಬಕಾರಿ ಆದಾಯ ನಿಲ್ಲಿಸಲಿಕ್ಕೆ. ಊರಲ್ಲಿ ಅದನ್ನು ಬರೀ ಪುಂಡಾಟ ಎಂದು ನೆನೆಯುವವರಿದ್ದರೆ ಹಿನ್ನೆಲೆ ಬರೆಯಿರಿ. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ ಮುಂದಾಳು. ವಿಜಯಪುರ, ಸೊಲ್ಲಾಪುರ, ಬಳ್ಳಾರಿ ಕಡೆಯೂ ಶಿಬಿರಗಳಿದ್ದವು. ತೆಲಂಗಾಣದಲ್ಲಿ ಕಮ್ಯುನಿಸ್ಟರು 1946ರಿಂದ ನಡೆಸಿದ ಸಶಸ್ತ್ರ ರೈತ ಹೋರಾಟ ಬೇರೆ. ಅದು ವಿಮೋಚನೆಯ ನಂತರವೂ 1951ರವರೆಗೆ ನಡೆಯಿತು. ಎರಡನ್ನೂ ಒಂದೇ ಎಂಬಂತೆ ಬರೆಯಬೇಡಿ.

ಶಿಬಿರಕ್ಕೆ ಹೋದವರ ಹೆಸರು ಹಿಡಿಯಲು ಮೂರು ದಾರಿ. ಮೊದಲನೆಯದು ಸ್ವಾತಂತ್ರ್ಯ ಯೋಧರ ಪಿಂಚಣಿ. ಅರ್ಜಿಯಲ್ಲಿ ಯಾವ ಶಿಬಿರ, ಎಷ್ಟು ತಿಂಗಳು, ಜೈಲಾಗಿದ್ದರೆ ಯಾವ ಜೈಲು, ಜೊತೆಗಿದ್ದು ಪ್ರಮಾಣೀಕರಿಸಿದವರು ಯಾರು ಎಂಬುದೆಲ್ಲ ಇರುತ್ತದೆ. ಮನೆಯವರ ಬಳಿ ಆ ಅರ್ಜಿಯ ಪ್ರತಿ, ತಾಮ್ರಪತ್ರ ಇದ್ದರೆ ಫೋಟೋ ತೆಗೆಯಿರಿ. ಇಲ್ಲದಿದ್ದರೆ ತಾಲೂಕಿನ ಪಿಂಚಣಿದಾರರ ಹಳೆಯ ಪಟ್ಟಿ ಕೇಳಿ ತಹಸೀಲ್ದಾರರ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಶುಲ್ಕ 10 ರೂಪಾಯಿ. 'ಎಲ್ಲ ದಾಖಲೆ ಕೊಡಿ' ಎಂದು ಬರೆದರೆ ಏನೂ ಬರುವುದಿಲ್ಲ. ಊರಿನ ಹೆಸರು, ಯಾವ ವರ್ಷದಿಂದ ಯಾವ ವರ್ಷದ ಪಟ್ಟಿ ಎಂದು ಸ್ಪಷ್ಟ ಬರೆಯಿರಿ. ಎರಡನೆಯದು ಗಡಿಯಾಚೆಯ ಊರು. ಶಿಬಿರಕ್ಕೆ ಜೋಳ, ಬಟ್ಟೆ ಕೊಟ್ಟ ಅಡತಿ ಅಂಗಡಿ, ಮಠಗಳಲ್ಲಿ ಆ ಕಾಲದ ಲೆಕ್ಕದ ಬುಕ್ಕು ಉಳಿದಿರುವುದುಂಟು. ಮೂರನೆಯದು ಆಗಿನ ಮುಂಬಯಿ, ಮದ್ರಾಸ್ ಸರ್ಕಾರಗಳ ಪೊಲೀಸ್ ವರದಿಗಳು. ನಿಜಾಮನ ಕಾಗದಗಳಿಗೆ ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರ, ಕೇಂದ್ರದ ಸಂಸ್ಥಾನ ಸಚಿವಾಲಯದ ಕಡತಗಳಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ 'ಅಭಿಲೇಖ್ ಪಟಲ್' ಜಾಲತಾಣ. ಹುಡುಕುವಾಗ ಊರಿನ ಹಳೆಯ ಕಾಗುಣಿತ ಹಾಕಬೇಕು. ಕಲಬುರಗಿ ಎಂದರೆ ಏನೂ ಸಿಗದು, ಗುಲ್ಬರ್ಗಾ ಎನ್ನಬೇಕು; ಬಸವಕಲ್ಯಾಣಕ್ಕೆ ಕಲ್ಯಾಣಿ, ಸುರಪುರಕ್ಕೆ ಶೋರಾಪುರ, ಹುಮನಾಬಾದಿಗೆ ಹೋಮ್ನಾಬಾದ್.

ಊರ ಶಾಲೆಯ ದಾಖಲಾತಿ ಪುಸ್ತಕವನ್ನು ಮರೆಯಬೇಡಿ. ಮಕ್ಕಳ ಹಾಜರಿ ಯಾವ ತಿಂಗಳಿಂದ ಖಾಲಿ, ಯಾವ ತಿಂಗಳಿಂದ ತುಂಬಿತು, ಯಾವ ವರ್ಷದಿಂದ ಬರಹ ಉರ್ದುವಿನಿಂದ ಕನ್ನಡಕ್ಕೆ ತಿರುಗಿತು ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಊರಿನ ಯಾರಾದರೂ ಕಲಬುರಗಿಯ ನೂತನ ವಿದ್ಯಾಲಯದಲ್ಲೋ ರಾಯಚೂರಿನ ಹಮದರ್ದ್ ಶಾಲೆಯಲ್ಲೋ ಓದಿದ್ದರೆ ಆ ಎಳೆಯನ್ನು ಹಿಡಿಯಿರಿ. ನಿಜಾಮ ಸೀಮೆಯಲ್ಲಿ ಕನ್ನಡದ ಎಚ್ಚರ ಮೂಡಿದ್ದು ಇಂಥ ಕಡೆ.

ಸತ್ತವರ ಪಟ್ಟಿ

ಇದು ಅತ್ಯಂತ ಕಷ್ಟದ ಪುಟ. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಇಡೀ ಸೀಮೆ ನೆನೆಯುತ್ತದೆ. ಅಂಥ ದೊಡ್ಡ ಹೆಸರು ಬಾರದ ಊರುಗಳಲ್ಲೂ ಒಬ್ಬರು, ಇಬ್ಬರು, ಐದು ಜನ ಸತ್ತಿದ್ದಾರೆ. ಸಂಖ್ಯೆ ಬರೆಯುವ ಮೊದಲು ಹೆಸರು ಬರೆಯಿರಿ: ಹೆಸರು, ತಂದೆಯ ಹೆಸರು, ಅಂದಾಜು ವಯಸ್ಸು, ಓಣಿ, ಸತ್ತ ಜಾಗ, ಹೇಳಿದವರು. ಹೆಸರುಗಳನ್ನು ಎಣಿಸಿದಾಗ ಬರುವುದೇ ನಿಮ್ಮ ಸಂಖ್ಯೆ. 'ನೂರಾರು ಜನ' ಎಂದು ಕೇಳಿದ್ದು ಹೆಸರಿನ ಪಟ್ಟಿಯಲ್ಲಿ ಹನ್ನೊಂದಾದರೆ ಹನ್ನೊಂದೇ ಬರೆಯಿರಿ, ಹೆಸರು ಸಿಗದವರು ಇನ್ನೂ ಇದ್ದರೆಂದು ಹಿರಿಯರು ಹೇಳುತ್ತಾರೆ ಎಂದು ಅದರ ಕೆಳಗೆ ಸೇರಿಸಿ. ಹನ್ನೊಂದು ಹೆಸರಿನ ಭಾರ ನೂರಾರು ಎಂಬ ಮಾತಿಗಿಲ್ಲ.

ಪಟ್ಟಿ ಸೆಪ್ಟೆಂಬರ್ 17ಕ್ಕೆ ನಿಲ್ಲಬಾರದು. ಸೇನೆ ಬಂದ ನಂತರದ ವಾರಗಳಲ್ಲಿ ಮುಸ್ಲಿಮರ ಮೇಲೆ ಹಲ್ಲೆ, ಕೊಲೆ, ಲೂಟಿ ನಡೆದವು. ಕೇಂದ್ರ ಸರ್ಕಾರವೇ ಪಂಡಿತ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫಾರ್ ಅವರ ತಂಡವನ್ನು ಕಳಿಸಿತ್ತು. 27,000ದಿಂದ 40,000 ಜನ ಸತ್ತಿರಬಹುದೆಂದು ಆ ತಂಡ ಅಂದಾಜು ಮಾಡಿತು. ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡ್ ಜೊತೆ ನಮ್ಮ ಗುಲ್ಬರ್ಗಾ, ಬೀದರ್ ಇದ್ದವು. ವರದಿ ದಶಕಗಳ ಕಾಲ ಹೊರಬರಲಿಲ್ಲ. ಊರವರು ಈ ಮಾತು ಬಂದಾಗ ಸುಮ್ಮನಾಗುತ್ತಾರೆ. ಒತ್ತಾಯಿಸಬೇಡಿ, ಆದರೆ ಬಿಡಲೂ ಬೇಡಿ. ಪಕ್ಕದ ಮನೆಯ ಮುಸ್ಲಿಮರನ್ನು ಅಟ್ಟದ ಮೇಲೆ ಬಚ್ಚಿಟ್ಟು ಕಾಪಾಡಿದವರ ಬಗ್ಗೆ, ಅದಕ್ಕೂ ಮೊದಲು ರಜಾಕಾರರಿಂದ ಹಿಂದೂ ನೆರೆಯವರನ್ನು ಕಾಪಾಡಿದ ಮುಸ್ಲಿಮರ ಬಗ್ಗೆ ಕೇಳಿ. ಅಲ್ಲಿಂದ ಮಾತು ತಾನಾಗಿ ತೆರೆಯುತ್ತದೆ. ಎರಡೂ ಪಟ್ಟಿ ಒಂದೇ ನಮೂನೆಯಲ್ಲಿ, ಅಷ್ಟೇ ಎಚ್ಚರದಲ್ಲಿ ಬರಲಿ.

ಕೊಂದವರು ಇಂಥವರು ಎಂದು ಬಾಯಿಮಾತಿನ ಮೇಲೆ ಹೆಸರು ಅಚ್ಚು ಹಾಕಬೇಡಿ. ಅವರ ಮೊಮ್ಮಕ್ಕಳು ಅದೇ ಊರಲ್ಲಿದ್ದಾರೆ. ಕೋರ್ಟಿನ ತೀರ್ಪು ಇದ್ದರೆ ಅದನ್ನು ಉಲ್ಲೇಖಿಸಿ, ಇಲ್ಲದಿದ್ದರೆ ಗುಂಪಿನ ಮಟ್ಟಕ್ಕೆ ನಿಲ್ಲಿಸಿ. ಗುಂಪು ಎಂದಾಗಲೂ ಒಂದು ಇಡೀ ಸಮುದಾಯವನ್ನು ರಜಾಕಾರರೆಂದು ಬರೆದರೆ ಇತಿಹಾಸಕ್ಕೇ ದ್ರೋಹ. ರಜಾಕಾರರನ್ನು ಖಂಡಿಸಿ ಬರೆದದ್ದಕ್ಕೆ 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದವರು 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್. ನಿಜಾಮನ ಕೊನೆಯ ಪ್ರಧಾನಿ ಲಾಯಕ್ ಅಲಿಯ ಮಂತ್ರಿಮಂಡಲದಲ್ಲಿ ಉಪಪ್ರಧಾನಿಯಾಗಿದ್ದವರು ಪಿಂಗಳಿ ವೆಂಕಟರಾಮ ರೆಡ್ಡಿ.

1948ರಿಂದ 1956: ಬಿಟ್ಟುಹೋಗುವ ಎಂಟು ವರ್ಷ

ಸ್ಮರಣ ಸಂಚಿಕೆಗಳು ಸೆಪ್ಟೆಂಬರ್ 17ರಿಂದ ನೇರ ನವೆಂಬರ್ 1ಕ್ಕೆ ಜಿಗಿಯುತ್ತವೆ. ನಡುವೆ ಊರು ಹೈದರಾಬಾದ್ ರಾಜ್ಯದಲ್ಲೇ ಇತ್ತು. ಮೊದಲು ಸೇನಾ ಆಡಳಿತ, 1950ರ ಜನವರಿ 26ರಿಂದ ಎಂ.ಕೆ. ವೆಲ್ಲೋಡಿ ಮುಖ್ಯಮಂತ್ರಿ, ನಿಜಾಮನೇ ರಾಜಪ್ರಮುಖ, ಅಂದರೆ ರಾಜ್ಯಪಾಲರ ಹಾಗೆ ರಾಜ್ಯದ ಮುಖ್ಯಸ್ಥ. 1952ರ ಚುನಾವಣೆಯ ನಂತರ ಬೂರ್ಗುಲ ರಾಮಕೃಷ್ಣ ರಾವ್ ಸರ್ಕಾರ. ನಿಮ್ಮೂರಿನವರು ಮೊದಲ ಬಾರಿ ಮತ ಹಾಕಿದ್ದು ಈ ಹೈದರಾಬಾದ್ ವಿಧಾನಸಭೆಗೆ. ಮತಗಟ್ಟೆ ಎಲ್ಲಿತ್ತು, ಕೇರಿಯವರು ಯಾವಾಗ ಸಾಲಲ್ಲಿ ನಿಂತರು, ಹೆಂಗಸರು ಹೋದರೇ ಎಂದು ಕೇಳಿ. ಸ್ವಾತಂತ್ರ್ಯ ಊರೊಳಗೆ ಎಷ್ಟು ಇಳಿಯಿತು ಎನ್ನುವುದು ಅಲ್ಲಿ ತಿಳಿಯುತ್ತದೆ. 1951ರ ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ಆಗಿನ ಊರಿನ ಜನಸಂಖ್ಯೆ ಸಿಗುತ್ತದೆ.

ಕರ್ನಾಟಕ ಸೇರುವುದು ತಾನಾಗಿ ಆದದ್ದೆಂದು ಬರೆಯಬೇಡಿ. ರಾಜ್ಯಗಳ ಮರುವಿಂಗಡಣೆಗೆಂದು 1953ರ ಕೊನೆಗೆ ನೇಮಕವಾದ ಫಜಲ್ ಅಲಿ ಆಯೋಗಕ್ಕೆ ದೇಶದಾದ್ಯಂತ ಬಂದ ಮನವಿಗಳು ಒಂದೂವರೆ ಲಕ್ಷ ದಾಟಿದ್ದವು. ನಿಮ್ಮ ತಾಲೂಕಿನದೂ ಅದರಲ್ಲಿ ಇರಬಹುದು. ಸಹಿ ಹಾಕಿದವರ ಮನೆಯಲ್ಲಿ ಪ್ರತಿ ಹುಡುಕಿ. 1955ರ ಸೆಪ್ಟೆಂಬರ್ 30ರ ವರದಿಯಲ್ಲಿ ಆಯೋಗ ಗುಲ್ಬರ್ಗಾ, ರಾಯಚೂರುಗಳನ್ನು ಕರ್ನಾಟಕಕ್ಕೆ ಕೊಟ್ಟರೂ ಬೀದರನ್ನು ಉಳಿದ ಹೈದರಾಬಾದ್ ರಾಜ್ಯದಲ್ಲೇ ಇರಿಸಲು ಹೇಳಿತ್ತು. ಬೀದರಿನವರಿಗೆ ಈ ಒಂದು ವರ್ಷ ನಿಜವಾದ ಆತಂಕದ ವರ್ಷ.

ಕೊನೆಗೆ 1956ರ ರಾಜ್ಯ ಮರುವಿಂಗಡಣೆ ಕಾಯ್ದೆ ತಾಲೂಕು ತಾಲೂಕಾಗಿ ಹಂಚಿತು. ಗುಲ್ಬರ್ಗಾ ಜಿಲ್ಲೆಯಿಂದ ಕೊಡಂಗಲ್, ತಾಂಡೂರು ಆಂಧ್ರಪ್ರದೇಶಕ್ಕೆ. ರಾಯಚೂರಿನಿಂದ ಆಲಂಪುರ, ಗದ್ವಾಲ ಆಂಧ್ರಪ್ರದೇಶಕ್ಕೆ. ಬೀದರಿನಿಂದ ಅಹಮದಪುರ, ನಿಲಂಗಾ, ಉದಗೀರ ಮುಂಬಯಿ ರಾಜ್ಯಕ್ಕೆ. ಅದೇ ಜಿಲ್ಲೆಯ ನಾರಾಯಣಖೇಡ ತಾಲೂಕು, ಜಹೀರಾಬಾದ್ ತಾಲೂಕಿನಲ್ಲಿ ನಿರ್ಣಾ ಹೋಬಳಿ ಬಿಟ್ಟು ಉಳಿದದ್ದು, ಬೀದರ್ ತಾಲೂಕಿನದೇ ಆದ ನ್ಯಾಲಕಲ್ ಹೋಬಳಿ ಆಂಧ್ರಕ್ಕೆ. ಉಳಿದದ್ದು ನವೆಂಬರ್ 1ಕ್ಕೆ ಮೈಸೂರು ರಾಜ್ಯ ಸೇರಿತು. ನಿಮ್ಮೂರು ಈ ಗೆರೆಗಳ ಹತ್ತಿರದ್ದಾದರೆ ಬೀಗರ ಊರುಗಳು ಯಾವುವು ಆಚೆ ಉಳಿದವು, ಸಂತೆ ಎಲ್ಲಿಗೆ ಬದಲಾಯಿತು, ಹೈಕೋರ್ಟು, ನೌಕರಿ, ಪರೀಕ್ಷೆಗಳಿಗೆ ಹೈದರಾಬಾದ್ ಬಿಟ್ಟು ಬೆಂಗಳೂರಿಗೆ ಹೋಗುವುದು ಜನರಿಗೆ ಹೇಗಾಯಿತು ಎಂದು ವಿಚಾರಿಸಿ. ಆ ದೂರದ ಅಳಲೇ ಮುಂದೆ 371 ಜೆ ಬೇಡಿಕೆಯಾಗಿ ಬೆಳೆದು 2012ರ ಕೊನೆಗೆ ಸಂಸತ್ತಿನಲ್ಲಿ ಅಂಗೀಕಾರವಾದದ್ದು.

ಅಚ್ಚಿಗೆ ಕೊಡುವ ಮುನ್ನ

ಕರಡನ್ನು ಊರಲ್ಲಿ ಓದಿ ಹೇಳಿ. ಗುಡಿಯ ಮುಂದೆ ಒಂದು ಸಂಜೆ, ಮಸೀದಿ ಓಣಿಯಲ್ಲಿ ಒಂದು, ಕೇರಿಯಲ್ಲಿ ಒಂದು. ಒಂದೇ ಕಡೆ ಓದಿದರೆ ಉಳಿದವರು ಬರುವುದಿಲ್ಲ. ತಿದ್ದುಪಡಿಗಳನ್ನು ಬಾಯಲ್ಲಿ ಕೇಳಿ ಬಿಡದೆ ಯಾರು, ಯಾವ ಪುಟ, ಏನು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಒಪ್ಪಿಗೆಯಾಗದ ಜಾಗದಲ್ಲಿ ಎರಡೂ ಮಾತನ್ನು ಅಚ್ಚು ಹಾಕಿ. ತೊಂದರೆಗೊಳಗಾದ ಮನೆಯ ಹೆಂಗಸರ ಹೆಸರು ಮನೆಯವರ ಒಪ್ಪಿಗೆ ಇಲ್ಲದೆ ಬರಬಾರದು.

ರೆಕಾರ್ಡುಗಳ ಮೂರು ಪ್ರತಿ ಮಾಡಿ: ಒಂದು ನಿಮ್ಮಲ್ಲಿ, ಒಂದು ಊರ ಗ್ರಂಥಾಲಯದಲ್ಲಿ, ಒಂದು ಹತ್ತಿರದ ಕಾಲೇಜಿನ ಇತಿಹಾಸ ವಿಭಾಗದಲ್ಲಿ. ಕಡತದ ಹೆಸರಿನಲ್ಲೇ ಊರು, ಹೇಳಿದವರ ಹೆಸರು, ತಾರೀಕು ಇರಲಿ. ಜೀರ್ಣವಾದ ಕಾಗದಗಳಿಗೆ ಲ್ಯಾಮಿನೇಶನ್ ಮಾಡಿಸಬೇಡಿ. ಬಿಸಿಗೆ ಶಾಯಿ ಕೆಡುತ್ತದೆ, ಪ್ಲಾಸ್ಟಿಕ್ಕನ್ನು ಆಮೇಲೆ ಬಿಡಿಸಲು ಬರುವುದಿಲ್ಲ. ಬಿಸಿಲಿಗೆ ಒಡ್ಡದೆ ಹಗಲು ಬೆಳಕಿನಲ್ಲಿ ಎರಡೂ ಬದಿಯ ಫೋಟೋ ತೆಗೆದು, ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಅದೇ ಮನೆಗೆ ವಾಪಸು ಕೊಡಿ. ಮೂಲ ಕಾಗದ ಕೊಂಡೊಯ್ದು ತಿರುಗಿ ಕೊಡದವರಿಂದಾಗಿಯೇ ಬಹಳ ಮನೆಗಳಲ್ಲಿ ಗಂಟು ಬಿಚ್ಚಲು ಹಿಂಜರಿಯುತ್ತಾರೆ.